ಬ್ಯಾಲೆ ಹೀಲ್ಸ್ ತೊಟ್ಟು ನಡೆಯಲು ಕಲಿಯುವ ಬಗೆ

ಬ್ಯಾಲೆ ಹೀಲ್ಸ್ ತೊಟ್ಟಾಗ ಪಾದ ನೆಲಕ್ಕೆ ಒರಗುವುದಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ಬೆರಳುಗಳ ತುದಿ ಕೆಳಗೆ, ಹಿಮ್ಮಡಿ ಮೇಲೆ, ಆ ಹಿಮ್ಮಡಿಯ ಅಡಿಯಿಂದ ನೆಲದವರೆಗೆ ಸುಮಾರು 7 ಇಂಚು, ಅಂದರೆ 18 ಸೆಂಟಿಮೀಟರ್ ಆಸುಪಾಸಿನ ಸಪೂರವಾದ ಹೀಲ್. ಮದುವೆ ಸಮಾರಂಭಗಳಿಗೆ ನಮ್ಮ ಹುಡುಗಿಯರು ತೊಡುವ 3–4 ಇಂಚಿನ ಹೀಲ್ಸ್‌ಗೂ ಇದಕ್ಕೂ ಇರುವ ಅಂತರ ಎತ್ತರದ್ದು ಮಾತ್ರವಲ್ಲ. ಅಲ್ಲಿ ಮುಂಗಾಲಿನ ಅಗಲವಾದ ಭಾಗ ನೆಲದ ಮೇಲೆ ಕೂತಿರುತ್ತದೆ. ಇಲ್ಲಿ ಇಡೀ ದೇಹದ ಭಾರವನ್ನು ಪ್ರತಿ ಕಾಲಿನಲ್ಲಿ ಎರಡೇ ಚುಕ್ಕೆಗಳು ಹೊರುತ್ತವೆ: ಬೆರಳ ತುದಿಯ ಬಳಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಜಾಗ, ಹಿಂದೆ ಅಂಗಿಯ ಗುಂಡಿಯಷ್ಟು ಅಗಲದ ಇನ್ನೊಂದು ಜಾಗ.

ಬೆಳಗಾವಿಯಲ್ಲಿ ಮಕ್ಕಳಿಗೂ ದೊಡ್ಡವರಿಗೂ ನೃತ್ಯ ಹೇಳಿಕೊಡುತ್ತಿರುವ ನಾನು ಒಂದು ರಂಗಪ್ರಯೋಗಕ್ಕಾಗಿ ಇದನ್ನು ಕಲಿಯಬೇಕಾಯಿತು. ಹೇಳಿಕೊಡುವವರು ಊರಿನಲ್ಲಿ ಸಿಗಲಿಲ್ಲವಾದ್ದರಿಂದ, ಬ್ಯಾಲೆ ನರ್ತಕಿಯರ ಕಾಲಿನ ತಯಾರಿಯ ಬಗ್ಗೆ ತಿಳಿದಿದ್ದನ್ನೂ ಫಿಸಿಯೋಥೆರಪಿಸ್ಟ್ ಒಬ್ಬರು ಕಲಿಸಿದ ವ್ಯಾಯಾಮಗಳನ್ನೂ ಸೇರಿಸಿಕೊಂಡು ನಾಲ್ಕು ತಿಂಗಳು ಅಭ್ಯಾಸ ಮಾಡಿದೆ. ಆ ನಾಲ್ಕು ತಿಂಗಳಲ್ಲಿ ನನಗೆ ಸ್ಪಷ್ಟವಾದ ಸಂಗತಿಯೆಂದರೆ, ಈ ಶೂನಲ್ಲಿ ನಡಿಗೆ ಕೊನೆಯ ಪಾಠ. ಮೊದಲು ಬರಿಗಾಲಿನ ಬಲ, ಆಮೇಲೆ ನಿಲ್ಲುವುದು, ಆಮೇಲೆ ಕೂರುವುದು ಮತ್ತು ಬೀಳುವುದು, ಇವೆಲ್ಲ ಕೈವಶವಾದ ಮೇಲಷ್ಟೇ ಹೆಜ್ಜೆ. ಈ ಕ್ರಮವನ್ನು ತಲೆಕೆಳಗು ಮಾಡಿದವರೇ ಹೆಚ್ಚಾಗಿ ಕಾಲು ಉಳುಕಿಸಿಕೊಳ್ಳುತ್ತಾರೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ "ಆರಾಮ" ಎಂದರೆ ಚಪ್ಪಲಿಯ ಆರಾಮವಲ್ಲ. ಇಪ್ಪತ್ತು ನಿಮಿಷ ನೋವಿಲ್ಲದೆ, ಗಾಬರಿಯಿಲ್ಲದೆ, ಮುಖದಲ್ಲಿ ಶ್ರಮ ಕಾಣದಂತೆ ನಿಂತು ನಡೆದಾಡಲು ಬಂದರೆ ಅದೇ ಇದರ ಆರಾಮ. ಈ ಶೂ ರಂಗಕ್ಕೆ, ಫೋಟೋಗೆ, ಒಳಾಂಗಣಕ್ಕೆ ಮೀಸಲಾದದ್ದು. ಖಡೇಬಜಾರಿನ ಸಂತೆಗೆ ತೊಟ್ಟು ಹೋಗುವಂಥದ್ದಲ್ಲ.

ಪಾದದೊಳಗೆ ಏನಾಗುತ್ತದೆ

ಬೆರಳ ತುದಿಯ ಮೇಲೆ ನಿಂತು ನರ್ತಿಸುವ ಪದ್ಧತಿಗೆ ಹೆಸರು ತಂದವಳು ಮಾರಿ ತಾಲಿಯೋನಿ. 1832ರಲ್ಲಿ ಪ್ಯಾರಿಸ್ಸಿನ ಒಪೆರಾದಲ್ಲಿ ಅವಳು ಇಡೀ ಒಂದು ಬ್ಯಾಲೆಯನ್ನು ಆ ರೀತಿಯಲ್ಲಿ ನರ್ತಿಸಿದಳು. ಅಂದಿನಿಂದ ಬೆಳೆದು ಬಂದ ಪಾಯಿಂಟ್ ಶೂನ ಮುಂತುದಿಯಲ್ಲಿ ಬಟ್ಟೆ, ಕಾಗದ ಮತ್ತು ಅಂಟನ್ನು ಪದರಪದರವಾಗಿ ಸೇರಿಸಿ ಗಟ್ಟಿ ಮಾಡಿದ ಒಂದು ಗೂಡು ಇರುತ್ತದೆ. ಆ ಗೂಡಿನ ಗೋಡೆಗಳು ಬೆರಳುಗಳನ್ನು ಸುತ್ತಲಿಂದ ಹಿಡಿದುಕೊಳ್ಳುವುದರಿಂದ ಭಾರವೆಲ್ಲ ಉಗುರಿನ ತುದಿಗೇ ಬೀಳುವುದಿಲ್ಲ. ಬ್ಯಾಲೆ ಹೀಲ್ಸ್ ನೋಡಲು ಅದರ ತಂಗಿಯಂತಿದ್ದರೂ ಅನೇಕ ಜೋಡಿಗಳಲ್ಲಿ ಆ ಗೂಡು ಇರುವುದೇ ಇಲ್ಲ, ಇದ್ದರೂ ಮೆತ್ತಗಿರುತ್ತದೆ. ಅದಕ್ಕೆ ಬದಲಾಗಿ ಹಿಂದೆ ಹೀಲ್ ಇದೆ. ಪಾಯಿಂಟ್ ಶೂ ತೊಟ್ಟ ನರ್ತಕಿಯ ಹಿಮ್ಮಡಿಗೆ ಯಾವ ಆಸರೆಯೂ ಇಲ್ಲದೆ ಅವಳ ಸ್ನಾಯುಗಳೇ ಅವಳನ್ನು ಎತ್ತಿ ಹಿಡಿದರೆ, ಇಲ್ಲಿ ಭಾರದ ಒಂದು ಪಾಲನ್ನು ಹೀಲ್ ಹೊರುತ್ತದೆ. ಈ ಪಾಲನ್ನು ಹೀಲಿಗೆ ಒಪ್ಪಿಸಲು ಕಲಿಯುವುದೇ ಈ ವಿದ್ಯೆಯ ಅರ್ಧಭಾಗ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಇನ್ನರ್ಧ ಭಾಗ ಕಾಲಿನ ಹರಡಿನದ್ದು, ಅಂದರೆ ಪಾದ ಕಾಲಿಗೆ ಸೇರುವ ಜಾಗದ್ದು. ಹರಡಿನ ಕೀಲಿನೊಳಗೆ ಕೂರುವ ಮೂಳೆ ಮುಂದೆ ಅಗಲವಾಗಿ, ಹಿಂದೆ ಕಿರಿದಾಗಿ ಇರುತ್ತದೆ. ಪಾದವನ್ನು ಸಾಮಾನ್ಯವಾಗಿ ನೆಲಕ್ಕೆ ಊರಿದಾಗ ಅಗಲವಾದ ಭಾಗ ಗೂಡಿನೊಳಗೆ ಬಂದು, ಗುದ್ದಲಿಯ ಕಾವಿಗೆ ಬೆಣೆ ಬಡಿದಂತೆ ಕೀಲು ಬಿಗಿಯುತ್ತದೆ. ಪಾದವನ್ನು ಕೆಳಮುಖವಾಗಿ ಚಾಚಿದಾಗ ಕಿರಿದಾದ ಭಾಗ ಒಳಗೆ ಬರುವುದರಿಂದ ಬೆಣೆ ಸಡಿಲವಾದಂತಾಗಿ, ಕೀಲನ್ನು ಕಾಯುವ ಕೆಲಸವೆಲ್ಲ ಸುತ್ತಲಿನ ಸ್ನಾಯು ಮತ್ತು ಕಟ್ಟುಗಳ ಮೇಲೆ ಬೀಳುತ್ತದೆ. ಎತ್ತರದ ಹೀಲ್ಸ್ ತೊಟ್ಟವರ ಕಾಲು ಬಹುತೇಕ ಹೊರಬದಿಗೇ ಉಳುಕುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಆದ್ದರಿಂದ ಸ್ನಾಯುಗಳನ್ನು ಮೊದಲು ಕಟ್ಟಿಕೊಳ್ಳದೆ ಶೂ ತೊಡುವುದು, ಬುನಾದಿ ಹಾಕದೆ ಮಾಳಿಗೆ ಏರಿಸಿದಂತೆ.

ಯಾರು ತೊಡಬಾರದು, ಯಾರು ವೈದ್ಯರನ್ನು ಕೇಳಬೇಕು

ಹದಿನೆಂಟು ತುಂಬದವರು ಇದರ ಗೊಡವೆಗೆ ಹೋಗಬಾರದು, ಏಕೆಂದರೆ ಬೆಳೆಯುತ್ತಿರುವ ಮೂಳೆಯ ಮೇಲೆ ಈ ಭಾರ ಸಲ್ಲದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಗಾಯವಾದದ್ದೇ ತಿಳಿಯುವುದಿಲ್ಲವಾದ್ದರಿಂದ ಅವರೂ ತೊಡಬಾರದು. ಗರ್ಭಿಣಿಯರು, ಮೂಳೆ ಸವೆತವಿರುವವರು, ಹೆಬ್ಬೆರಳಿನ ಬುಡ ಉಬ್ಬಿ ಬೆರಳು ಓರೆಯಾದವರು, ತಲೆಸುತ್ತು ಬರುವವರು, ಇತ್ತೀಚೆಗೆ ಕಾಲು ಉಳುಕಿಸಿಕೊಂಡವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಉಳಿದವರು ಶೂ ಕೊಳ್ಳುವ ಮೊದಲೇ ಮನೆಯಲ್ಲಿ ಮೂರು ಪರೀಕ್ಷೆಗಳನ್ನು ಮಾಡಿಕೊಳ್ಳಬಹುದು. ದಂಡಾಸನದಲ್ಲಿ ಕಾಲು ಚಾಚಿ ಕೂತು, ಪಾದವನ್ನು ಆದಷ್ಟು ಮುಂದಕ್ಕೆ ಚೂಪು ಮಾಡಿ, ಹರಡಿನ ಮುಂಭಾಗದಲ್ಲಿ ಕಾಲಿನ ಉದ್ದಕ್ಕೆ ಒಂದು ಪೆನ್ಸಿಲ್ ಇಟ್ಟು ನೋಡಿ. ಅದು ಕಣಕಾಲಿನ ಮೂಳೆಗೂ ಪಾದದ ಮೇಲ್ಭಾಗಕ್ಕೂ ಒಂದೇ ಗೆರೆಯಂತೆ ಒರಗಿದರೆ ಪಾದ ಬೇಕಾದಷ್ಟು ಚಾಚುತ್ತದೆ. ಪಾದ ಚಾಚದೆ ಪೆನ್ಸಿಲ್ಲಿನ ಮುಂತುದಿ ಮೇಲಕ್ಕೆ ಎದ್ದು ನಿಂತರೆ, ಶೂನೊಳಗೆ ಉಳಿದ ಬಾಗನ್ನು ಬೆರಳ ಕೀಲುಗಳು ತೆರಬೇಕಾಗುತ್ತದೆ. ಎರಡನೆಯದಾಗಿ, ಗೋಡೆಗೆ ಬೆರಳು ತಾಗಿಸಿಕೊಂಡು ಒಂದೇ ಕಾಲಿನ ಮೇಲೆ ತುದಿಗಾಲಿಗೆ ಏರಿ ಇಳಿಯಿರಿ. ನಿಧಾನವಾಗಿ, ಮೊಣಕಾಲು ಬಾಗಿಸದೆ ಇಪ್ಪತ್ತು ಸಲ ಬರಬೇಕು. ಮೂರನೆಯದಾಗಿ, ಕಣ್ಣು ಮುಚ್ಚಿ ಒಂಟಿಗಾಲಲ್ಲಿ ಮೂವತ್ತು ಎಣಿಸುವವರೆಗೆ ನಿಲ್ಲಿ. ನನಗೆ ಮೊದಲ ದಿನ ಎಡಗಾಲಿನಲ್ಲಿ ಹನ್ನೊಂದು ಏರಿಳಿತ ಬಂತು, ಕಣ್ಣು ಮುಚ್ಚಿದರೆ ಎಂಟರ ಎಣಿಕೆಗೇ ಕಾಲು ನೆಲ ಮುಟ್ಟಿತು. ಹತ್ತು ವರ್ಷ ನೃತ್ಯ ಮಾಡಿದ ಕಾಲು ಅದು. ನಮ್ಮ ನೃತ್ಯದಲ್ಲಿ ಮಂಡಿ ಬಾಗಿಸಿ ಪಾದವನ್ನು ಪೂರ್ತಿ ನೆಲಕ್ಕೆ ತಟ್ಟುತ್ತೇವೆ, ತುದಿಗಾಲಿನ ಬಲ ಬೇರೆಯದೇ.

ಬರಿಗಾಲಿನ ಎಂಟು ವಾರ

ಈ ಎಂಟು ವಾರಗಳಲ್ಲಿ ಶೂ ಪೆಟ್ಟಿಗೆಯಿಂದ ಹೊರಗೆ ಬರಬೇಕಾಗಿಯೇ ಇಲ್ಲ. ಅಭ್ಯಾಸದ ಮುಖ್ಯ ಅಂಗ ಮೀನಖಂಡದ್ದು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಊರಿ, ಕೈಯಿಂದ ಕಟಾಂಜನ ಹಿಡಿದು, ಎರಡು ಎಣಿಸುವಷ್ಟರಲ್ಲಿ ಮೇಲೇರಿ, ತುದಿಯಲ್ಲಿ ಎರಡು ಎಣಿಸುವವರೆಗೆ ನಿಂತು, ನಾಲ್ಕು ಎಣಿಸುತ್ತ ಇಳಿಯಬೇಕು. ಇಳಿಯುವಾಗಿನ ನಿಧಾನವೇ ಬಲ ಕೊಡುವುದು. ದಬಕ್ಕನೆ ಇಳಿದರೆ ಲೆಕ್ಕಕ್ಕಿಲ್ಲ. ಮೊದಲ ಎರಡು ವಾರ ಎರಡೂ ಕಾಲಿನಲ್ಲಿ ಹದಿನೈದರಂತೆ ಮೂರು ಸಲ, ಆಮೇಲೆ ಎರಡು ಕಾಲಿನಲ್ಲಿ ಏರಿ ಒಂದರಲ್ಲಿ ಇಳಿಯುವುದು, ಐದನೆಯ ವಾರದಿಂದ ಒಂಟಿಗಾಲಿನಲ್ಲೇ ಏರಿಳಿಯುವುದು. ವಾರಕ್ಕೆ ನಾಲ್ಕು ದಿನ ಸಾಕು, ನಡುವಿನ ದಿನಗಳಲ್ಲಿ ಸ್ನಾಯು ಚೇತರಿಸಿಕೊಳ್ಳಲಿ. ಏರಿದಾಗ ಹರಡು ಹೊರಕ್ಕೆ ವಾಲುತ್ತಿದೆಯೋ ಎಂದು ಕನ್ನಡಿಯಲ್ಲಿ ನೋಡುತ್ತಿರಬೇಕು. ವಾಲದಂತೆ ಹೆಬ್ಬೆರಳಿನ ಬುಡಕ್ಕೂ ಎರಡನೆಯ ಬೆರಳಿನ ಬುಡಕ್ಕೂ ನಡುವೆ ಭಾರ ಇರಿಸಿಕೊಳ್ಳಿ. ಕಿರುಬೆರಳಿನ ಕಡೆಗೆ ಜಾರುವ ಅಭ್ಯಾಸ ಒಮ್ಮೆ ಬಿತ್ತೆಂದರೆ ಶೂನಲ್ಲಿ ಅದೇ ಉಳುಕಾಗುತ್ತದೆ.

ಹರಡಿನ ಹೊರಬದಿಯ ಸ್ನಾಯುಗಳಿಗೆ ಎಲಾಸ್ಟಿಕ್ ಪಟ್ಟಿ ಬೇಕು. ಪಟ್ಟಿಯ ಒಂದು ತುದಿಯನ್ನು ಮಂಚದ ಕಾಲಿಗೆ ಕಟ್ಟಿ, ಇನ್ನೊಂದನ್ನು ಪಾದಕ್ಕೆ ಸಿಕ್ಕಿಸಿ, ಪಾದವನ್ನು ಚೂಪು ಮಾಡಿಕೊಂಡೇ ಹೊರಕ್ಕೆ ಎಳೆಯಬೇಕು. ಚೂಪು ಮಾಡಿಕೊಂಡು ಎಂಬ ಮಾತು ಮುಖ್ಯ. ಶೂನೊಳಗೆ ಪಾದ ಇರುವ ಭಂಗಿಯಲ್ಲೇ ಆ ಸ್ನಾಯುಗಳು ಕೆಲಸ ಕಲಿಯಬೇಕು. ಪಾದದೊಳಗಿನ ಸಣ್ಣ ಸ್ನಾಯುಗಳಿಗೆ ನೆಲದ ಮೇಲೆ ಹಾಸಿದ ಟವೆಲನ್ನು ಬೆರಳುಗಳಿಂದ ಮಡಚುತ್ತ ಎಳೆದುಕೊಳ್ಳುವುದೂ, ಬೆರಳು ಮಡಚದೆ ಪಾದದಡಿಯ ಕಮಾನನ್ನು ಮಾತ್ರ ಮೇಲೆತ್ತುವುದೂ ಒಳ್ಳೆಯದು. ಎರಡನೆಯದು ಬರಲು ನನಗೆ ಹದಿನೈದು ದಿನ ಹಿಡಿಯಿತು.

ತೊಡೆ ಮತ್ತು ಹೊಟ್ಟೆಯನ್ನು ಮರೆಯಬಾರದು. ಹೀಲ್ ಎತ್ತರವಾದಷ್ಟೂ ದೇಹ ಮುಂದಕ್ಕೆ ವಾಲಿ, ಅದನ್ನು ಸರಿದೂಗಿಸಲು ಮೊಣಕಾಲು ಬಾಗುತ್ತದೆ, ಟೊಂಕ ಹಿಂದಕ್ಕೆ ಕೊಂಕುತ್ತದೆ. ಗೋಡೆಗೆ ಬೆನ್ನು ಒರಗಿಸಿ ಕುರ್ಚಿಯ ಭಂಗಿಯಲ್ಲಿ ಒಂದು ನಿಮಿಷ ಕೂರುವುದು, ತುದಿಗಾಲಿನ ತಾಡಾಸನ, ವೃಕ್ಷಾಸನ ಇವು ಮೂರೂ ಇದಕ್ಕೆ ಸಾಕು. ಕೊನೆಗೆ, ಪ್ರತಿದಿನ ತಪ್ಪದೆ ಮೀನಖಂಡವನ್ನು ಚಾಚಬೇಕು: ಗೋಡೆ ಹಿಡಿದು ಹಿಂಗಾಲಿನ ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ಬಾಗಿಸಿ ಇನ್ನೊಮ್ಮೆ, ಅರ್ಧರ್ಧ ನಿಮಿಷ. ಎತ್ತರದ ಹೀಲ್ಸನ್ನು ವರ್ಷಗಟ್ಟಲೆ ತೊಡುವವರ ಮೀನಖಂಡದ ಎಳೆಗಳು ಗಿಡ್ಡಾಗಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಬಿರುಸಾಗಿ, ಕೊನೆಗೆ ಚಪ್ಪಟೆ ಚಪ್ಪಲಿ ತೊಟ್ಟರೇ ನೋವಾಗುವ ಸ್ಥಿತಿ ಬರುತ್ತದೆ. ಈ ಚಾಚುವಿಕೆ ಅದಕ್ಕೆ ತಡೆ.

ಶೂ ಆರಿಸುವುದು, ರಿಪೇರಿಯವರ ಬಳಿಗೆ ಒಯ್ಯುವುದು

ಕಲಿಯುವವರಿಗೆ ಮೀನಖಂಡದವರೆಗೆ ಲೇಸ್ ಇರುವ ಬೂಟಿನ ಮಾದರಿಯೇ ಸರಿ. ಹರಡನ್ನು ಸುತ್ತಲಿಂದ ಹಿಡಿದುಕೊಳ್ಳುವ ಚರ್ಮ ಇಲ್ಲದ ಮಾದರಿಗಳನ್ನು ವರ್ಷದ ಅಭ್ಯಾಸವಾಗುವವರೆಗೆ ಮುಟ್ಟಬೇಡಿ. ಇವು ನಮ್ಮ ಊರುಗಳ ಅಂಗಡಿಗಳಲ್ಲಿ ಇಟ್ಟು ಮಾರುವ ಸರಕಲ್ಲ, ಆನ್‌ಲೈನಿನಲ್ಲಿ ತರಿಸಬೇಕು. ಆದ್ದರಿಂದ ಅಳತೆಯನ್ನು ಸಂಜೆ, ಪಾದ ಸ್ವಲ್ಪ ಊದಿರುವಾಗ, ಎರಡೂ ಕಾಲಿನದನ್ನು ತೆಗೆದುಕೊಂಡು ದೊಡ್ಡದಕ್ಕೆ ಹೊಂದಿಸಿ. ಬಂದ ಮೇಲೆ ಮೊದಲು ಮೇಜಿನ ಮೇಲೆ ನಿಲ್ಲಿಸಿ ನೋಡಿ. ಜೋಡಿ ತಾನಾಗಿ ನೆಟ್ಟಗೆ ನಿಲ್ಲಬೇಕು, ಹಿಂದಿನಿಂದ ನೋಡಿದರೆ ಎರಡು ಹೀಲುಗಳೂ ಲಂಬವಾಗಿರಬೇಕು. ಹೀಲನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಬುಡ ಅಲುಗಬಾರದು. ಅಡಿಯನ್ನು ಎರಡೂ ಕೈಯಿಂದ ಬಗ್ಗಿಸಿದರೆ ಬಗ್ಗಬಾರದು, ಒಳಗಿನ ಉಕ್ಕಿನ ಪಟ್ಟಿ ಗಟ್ಟಿಯಾಗಿದ್ದರೆ ಮಾತ್ರ ಹೀಲು ಭಾರ ಹೊರುತ್ತದೆ. ಈ ನಾಲ್ಕರಲ್ಲಿ ಒಂದು ಕೆಟ್ಟಿದ್ದರೂ ತೊಟ್ಟು ನೋಡದೆ ಹಿಂದಿರುಗಿಸಿ.

ನನ್ನ ಜೋಡಿಯ ಮುಂತುದಿಯ ಅಡಿ ನುಣುಪಾದ ಪ್ಲಾಸ್ಟಿಕ್ಕಿನದಾಗಿತ್ತು. ಅದಕ್ಕೆ ರಬ್ಬರ್ ಹಚ್ಚಿಸಲೆಂದು ಪರಿಚಯದ ಒಬ್ಬ ಹಿರಿಯರ ಬಳಿಗೆ ಒಯ್ದೆ. ಅಥಣಿ ಕಡೆಯವರು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಒಳಗೊಂಡಂತೆ ಗಡಿಯ ಆಚೀಚಿನ ಎಂಟು ಜಿಲ್ಲೆಗಳ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ, ಅಥಣಿ ಆ ಕಸುಬಿನ ದೊಡ್ಡ ನೆಲೆ. ಜೀವಮಾನವಿಡೀ ನೆಲಕ್ಕೆ ಅಂಟಿದಂಥ ಚಪ್ಪಲಿ ಹೊಲಿದ ಆ ಕೈಗಳು ಈ ಬೂಟನ್ನು ತಲೆಕೆಳಗು ಮಾಡಿ ಬಹಳ ಹೊತ್ತು ನೋಡಿದವು. "ಅಕ್ಕಾರ, ಇದರಾಗ ಭಾರ ಎಲ್ಲಿ ಬೀಳತೈತ್ರಿ?" ಎಂದು ಕೇಳಿದರು. ನಾನು ಎರಡು ಜಾಗ ತೋರಿಸಿದೆ. ಅವರು ಹೆಬ್ಬೆರಳಿನ ಉಗುರಿನಿಂದ ಮುಂತುದಿಯ ಅಂಚನ್ನು ಸವರಿ, "ಇಲ್ಲಿ ದುಂಡಗೈತಿ. ದುಂಡಗಿದ್ರ ಉರಳತೈತ್ರಿ, ಸಪಾಟ ಮಾಡಬೇಕು" ಎಂದರು. "ಮಾಡ್ರಿ ಕಾಕಾ" ಎಂದೆ. ಅಂಚನ್ನು ಕಾನಸಿನಿಂದ ತಿಕ್ಕಿ ಸಮ ಮಾಡಿ, ಅಂಟು ಹಚ್ಚಿ, ಅದು ಒಣಗುವವರೆಗೆ ಕಾದು, ತೆಳು ರಬ್ಬರಿನ ತುಂಡನ್ನು ಕೂರಿಸಿ ಸುತ್ತಲೂ ರಂಪಿಯಿಂದ ಕತ್ತರಿಸಿದರು. ಅಷ್ಟೇ ದಪ್ಪದ ರಬ್ಬರನ್ನು ಹೀಲಿನ ತುದಿಗೂ ಹಾಕಿದರು. ಒಂದಕ್ಕೇ ಹಾಕಿದ್ದರೆ ಇಡೀ ಶೂನ ಓರೆ ಬದಲಾಗುತ್ತಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು, ಅವರಿಗೆ ಕೇಳದೆಯೇ ಗೊತ್ತಿತ್ತು. ನನ್ನ ಅನುಭವದಲ್ಲಿ ಈ ಒಂದು ಕೆಲಸ ಜಾರುವಿಕೆಯನ್ನು ಕಡಿಮೆ ಮಾಡಿದಷ್ಟು ಬೇರೆ ಯಾವುದೂ ಮಾಡಲಿಲ್ಲ.

ಒಳಗೆ ಬೆರಳುಗಳಿಗೆ ಬ್ಯಾಲೆ ನರ್ತಕಿಯರು ಬಳಸುವ ಸಿಲಿಕೋನ್ ಪ್ಯಾಡ್ ತೊಡಬೇಕು. ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದವಿದ್ದರೆ ಭಾರವೆಲ್ಲ ಅದಕ್ಕೇ ಬೀಳುತ್ತದೆ, ಆಗ ಹೆಬ್ಬೆರಳಿನ ತುದಿಗೆ ಸ್ವಲ್ಪ ಉಣ್ಣೆ ತುಂಬಿ ಎರಡನ್ನೂ ಸಮ ಮಾಡಿಕೊಳ್ಳಿ. ಬೆರಳುಗಳು ನೆಟ್ಟಗೆ ಚಾಚಿರಬೇಕು, ಒಳಗೆ ಮುಷ್ಟಿ ಕಟ್ಟಬಾರದು. ಉಗುರನ್ನು ಅಭ್ಯಾಸಕ್ಕೆ ಎರಡು ದಿನ ಮೊದಲೇ ನೇರವಾಗಿ ಕತ್ತರಿಸಿ. ಅಭ್ಯಾಸದ ದಿನ ಪಾದಕ್ಕೆ ಎಣ್ಣೆಯಾಗಲಿ ಕ್ರೀಮಾಗಲಿ ಬೇಡ.

ನೆಲ

ನಮ್ಮ ಕಡೆಯ ಮನೆಗಳ ನೆಲವನ್ನು ಗಮನಿಸಿಯೇ ಅಭ್ಯಾಸದ ಜಾಗ ಆರಿಸಬೇಕು. ಹಳೆಯ ಪಡಸಾಲೆಗಳ ಫರಸಿ ಹಿಡಿತ ಕೊಡುತ್ತದೆ, ಆದರೆ ಎರಡು ಕಲ್ಲುಗಳ ಸಂದಿಯಲ್ಲಿ ಸಿಮೆಂಟು ಸವೆದಿದ್ದರೆ ಹೀಲಿನ ತುದಿ ಅದರೊಳಗೆ ಇಳಿಯುತ್ತದೆ. ಪಾಲಿಶ್ ಮಾಡಿದ ಇಳಕಲ್ಲ ಗ್ರಾನೈಟಿನಲ್ಲಿ ಸಂದಿಯ ಕಾಟವಿಲ್ಲ, ಆದರೆ ಒಂದು ಹನಿ ನೀರು ಬಿದ್ದರೂ ಜಾರುತ್ತದೆ. ಜಮಖಾನೆಯ ಮೇಲಂತೂ ಬೇಡವೇ ಬೇಡ, ಅದು ಶೂ ಸಮೇತ ಸರಿಯುತ್ತದೆ. ನೆಲಕ್ಕೆ ಕಚ್ಚಿ ಕೂರುವ ತೆಳುವಾದ ರಬ್ಬರ್ ಹಾಸು ಎಲ್ಲಕ್ಕಿಂತ ಮೇಲು.

ಬೆಳಗಾವಿಯ ಮಳೆಗಾಲದಲ್ಲಿ ನೆಲ ಬೆವರುತ್ತದೆ. ಜುಲೈನ ಒಂದು ಮುಂಜಾನೆ, ಒರೆಸಿದ ನೆಲವಲ್ಲವಲ್ಲ ಎಂದು ಕೈಯಿಂದ ಮುಟ್ಟಿ ನೋಡದೆ ನಾನು ಎದ್ದು ನಿಂತೆ. ಎರಡನೆಯ ಹೆಜ್ಜೆಗೆ ಬಲಗಾಲಿನ ಹೀಲ್ ಹೊರಕ್ಕೆ ಸರಿದು ಹರಡು ಹೊರಳಿತು. ಅಡುಗೆಮನೆಯ ಕಟ್ಟೆ ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ, ಆದರೆ ಮೂರು ವಾರ ಶೂ ಮುಟ್ಟುವಂತಿರಲಿಲ್ಲ. ಅಂದಿನಿಂದ ಅಭ್ಯಾಸಕ್ಕೆ ಮುಂಚೆ ಒಣ ಬಟ್ಟೆಯಿಂದ ನೆಲ ಒರೆಸಿ, ಅಂಗೈಯಿಂದ ಸವರಿ ನೋಡುವುದು ನನ್ನ ವಾಡಿಕೆ. ವಿಜಯಪುರ, ಬಾಗಲಕೋಟೆಗಳ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ತೊಂದರೆ ಬೇರೆ: ಪಾದ ಊದಿ, ಬೆವರಿ, ಪ್ಯಾಡ್ ಒಳಗೇ ಜಾರುತ್ತದೆ. ಅಲ್ಲಿಯವರು ಬೆಳಗಿನ ತಂಪಿನಲ್ಲಿ ಮುಗಿಸಿಕೊಳ್ಳುವುದು ಲೇಸು.

ನಿಲ್ಲುವುದು, ಕೂರುವುದು, ಬೀಳುವುದು

ಚಕ್ರವಿಲ್ಲದ ಭಾರವಾದ ಕುರ್ಚಿಯನ್ನು ಅಡುಗೆಮನೆಯ ಕಟ್ಟೆಯ ಎದುರಿಗಿಟ್ಟು ಕೂತು ಬೂಟು ತೊಡಿ. ಲೇಸನ್ನು ಕೆಳಗಿನಿಂದ ಬಿಗಿಯುತ್ತ ಬನ್ನಿ. ಬೆರಳುಗಳ ಬಳಿ ಸಾಧಾರಣ ಬಿಗಿ, ಹರಡಿನ ಸುತ್ತ ಗಟ್ಟಿ ಬಿಗಿ, ಮೀನಖಂಡದ ಮೇಲೆ ಒಂದು ಬೆರಳು ತೂರುವಷ್ಟು ಸಡಿಲ. ಹರಡಿನ ಬಳಿ ಸಡಿಲವಿದ್ದರೆ ಪಾದ ಕೆಳಗೆ ಕುಸಿದು ಬೆರಳು ಜಜ್ಜುತ್ತದೆ. ನೋವಾಗುತ್ತಿದೆಯೆಂದು ಲೇಸ್ ಸಡಿಲಿಸುವವರು ಮಾಡುವ ತಪ್ಪು ಇದೇ. ಗಂಟಿನ ತುದಿಗಳನ್ನು ಒಳಗೆ ಸಿಕ್ಕಿಸಿ. ಮೊದಲ ಎರಡು ದಿನ ಕೂತಲ್ಲೇ ಐದು ನಿಮಿಷ ಪಾದ ಊರಿ, ಕೈಯಿಂದ ಮೊಣಕಾಲನ್ನು ಮೆಲ್ಲಗೆ ಒತ್ತಿ ಭಾರ ಕೊಟ್ಟು ನೋಡುವುದಷ್ಟೇ ಪಾಠ.

ಮೂರನೆಯ ದಿನ ಎದ್ದು ನಿಲ್ಲಬಹುದು. ಎರಡೂ ಅಂಗೈ ಕಟ್ಟೆಯ ಮೇಲಿರಲಿ, ಪಾದಗಳ ನಡುವೆ ನಾಲ್ಕು ಬೆರಳ ಅಂತರವಿರಲಿ, ಮುಂದಕ್ಕೆ ಬಾಗಿ ತೊಡೆಯ ಬಲದಿಂದ ಏಳಿ. ಎದ್ದ ಕ್ಷಣದಲ್ಲಿ ಎಲ್ಲರಿಗೂ ಮುಂದಕ್ಕೆ ಬೀಳುವ ಭಯವಾಗಿ ಮೊಣಕಾಲು ಬಾಗುತ್ತದೆ, ದೃಷ್ಟಿ ಪಾದಕ್ಕೆ ಹೋಗುತ್ತದೆ. ತಲೆ ಕೆಳಗಾದರೆ ಭಾರ ಇನ್ನೂ ಮುಂದಕ್ಕೆ ಹೋಗುವುದರಿಂದ, ಎದುರಿನ ಗೋಡೆಯಲ್ಲಿ ಕಣ್ಣಿನ ಮಟ್ಟಕ್ಕೆ ಒಂದು ಗುರುತು ಮಾಡಿಕೊಂಡು ಅದನ್ನೇ ನೋಡಿ. ಮೊಣಕಾಲನ್ನು ನೆಟ್ಟಗೆ ಮಾಡಿ, ಆದರೆ ಹಿಂದಕ್ಕೆ ಒತ್ತಿ ಕೀಲಿ ಹಾಕಬೇಡಿ. ಹೊಟ್ಟೆಯನ್ನು ಒಳಕ್ಕೆ ಹಿಡಿದು ಟೊಂಕದ ಕೊಂಕನ್ನು ಕಡಿಮೆ ಮಾಡಿ. ಈಗ ಸೊಂಟವನ್ನು ಕೂದಲೆಳೆಯಷ್ಟು ಹಿಂದಕ್ಕೆ ತನ್ನಿ. ಹೀಲುಗಳು ನೆಲವನ್ನು ಒತ್ತುವುದು ತಿಳಿಯುತ್ತದೆ, ಬೆರಳುಗಳ ಮೇಲಿನ ಭಾರ ತಟ್ಟನೆ ಇಳಿಯುತ್ತದೆ. ನಾನು ಮೇಲೆ ಹೇಳಿದ ಅರ್ಧ ವಿದ್ಯೆ ಇದೇ. ಈ ಸ್ಥಾನ ಕಣ್ಣು ಮುಚ್ಚಿದರೂ ಸಿಗುವವರೆಗೆ, ಅಂದರೆ ಒಂದೆರಡು ವಾರ, ನಿಲ್ಲುವುದನ್ನೇ ಮಾಡಿ. ಒಂದೂವರೆ ನಿಮಿಷ ನಿಂತು ಕೂರುವುದು, ಐದಾರು ಸಲ. ಬರಬರುತ್ತ ಅಂಗೈ ಬಿಟ್ಟು ಬೆರಳ ತುದಿ, ಆಮೇಲೆ ಒಂದೇ ಕೈ.

ಕೂರುವಾಗ ಕುರ್ಚಿಯ ಅಂಚು ಮೀನಖಂಡಕ್ಕೆ ತಾಗಿದೆಯೆಂದು ಖಚಿತಪಡಿಸಿಕೊಂಡು, ಒಂದು ಕೈ ಕುರ್ಚಿಗೆ ಕೊಟ್ಟು ನಿಧಾನವಾಗಿ ಇಳಿಯಿರಿ. ಬೀಳುವುದನ್ನೂ ಕಲಿಯಬೇಕು. ಬರಿಗಾಲಿನಲ್ಲಿ ಗಾದಿಯ ಮೇಲೆ ಅಭ್ಯಾಸ ಮಾಡಿ: ತೂಕ ತಪ್ಪಿತೆಂದು ತಿಳಿದ ತಕ್ಷಣ ಸೆಟೆದು ನಿಲ್ಲುವ ಬದಲು ಮೊಣಕಾಲು ಬಾಗಿಸಿ, ದೇಹವನ್ನು ಕೆಳಕ್ಕೆ ತಂದು, ತೊಡೆಯ ಬದಿಯ ಮೇಲೆ ಉರುಳುವುದು. ಚಾಚಿದ ಕೈಯನ್ನು ನೆಲಕ್ಕೆ ಊರಿ ತಡೆಯಲು ಹೋದರೆ ಮುಂಗೈಯ ಮೂಳೆ ಮುರಿಯಬಹುದು.

ಹೆಜ್ಜೆ

ಮೊದಲ ಹೆಜ್ಜೆಗಳು ಅಡ್ಡಕ್ಕೆ. ಕಟ್ಟೆಯತ್ತ ಮುಖ ಮಾಡಿ, ಎರಡೂ ಕೈ ಹಿಡಿದು, ಬಲಕ್ಕೆ ನಾಲ್ಕು, ಎಡಕ್ಕೆ ನಾಲ್ಕು. ಆಮೇಲೆ ನಿಂತಲ್ಲೇ ಒಂದೊಂದು ಕಾಲನ್ನು ಎರಡು ಬೆರಳಷ್ಟು ಎತ್ತಿ ಇಡುವುದು. ಮೂರನೆಯದಾಗಿ ಮುಂದಕ್ಕೆ, ಒಂದು ಕೈ ಕಟ್ಟೆಯ ಮೇಲೆ.

ಸಾಮಾನ್ಯ ನಡಿಗೆಯಲ್ಲಿ ಹಿಮ್ಮಡಿ ಮೊದಲು ನೆಲ ಮುಟ್ಟಿ ಪಾದ ಮುಂದಕ್ಕೆ ಹೊರಳುತ್ತದೆ. ಇಲ್ಲಿ ಹೊರಳಲು ಪಾದವೇ ಇಲ್ಲ, ಆದ್ದರಿಂದ ಆ ಅಭ್ಯಾಸ ಬಿಡಬೇಕು. ಮೊಣಕಾಲಿನಿಂದ ಕಾಲನ್ನು ಎತ್ತಿ, ಮುಂದಕ್ಕೆ ಒಯ್ದು, ಬೆರಳತುದಿ ಮತ್ತು ಹೀಲ್ ಎರಡೂ ಒಟ್ಟಿಗೆ ನೆಲ ಮುಟ್ಟುವಂತೆ ಮೇಲಿನಿಂದ ಇಡಬೇಕು. ಇಟ್ಟ ಕಾಲು ಗಟ್ಟಿಯಾಗಿ ಕೂತಿದೆಯೆಂದು ತಿಳಿದ ಮೇಲೆ ಭಾರ ವರ್ಗಾಯಿಸಿ, ಅದಾದ ಮೇಲೆ ಹಿಂದಿನ ಕಾಲನ್ನು ಎತ್ತಿ. "ಎತ್ತು, ಇಡು, ಭಾರ" ಎಂದು ಬಾಯಲ್ಲೇ ತಾಳ ಹಾಕಿಕೊಂಡರೆ ಮೂರೂ ಬೇರೆ ಬೇರೆಯಾಗಿ ಉಳಿಯುತ್ತವೆ. ಹೆಜ್ಜೆಯ ಉದ್ದ ಒಂದು ಗೇಣನ್ನು ಮೀರಬಾರದು. ಉದ್ದ ಹೆಜ್ಜೆ ಹಾಕಿದರೆ ಹೀಲ್ ಓರೆಯಾಗಿ ನೆಲಕ್ಕೆ ತಾಗಿ ಜಾರುತ್ತದೆ. ರೂಪದರ್ಶಿಗಳಂತೆ ಒಂದೇ ಗೆರೆಯ ಮೇಲೆ ಕಾಲಿಡುವ ಆಸೆಯನ್ನು ಬಿಟ್ಟು, ಎರಡು ಹಳಿಗಳ ಮೇಲೆ ನಡೆದಂತೆ ನಡೆಯಿರಿ.

ನಿಮ್ಮ ತಪ್ಪು ನಿಮಗೆ ಕಾಣಲು ಒಂದು ಸುಲಭ ಉಪಾಯವಿದೆ. ಬೆರಳತುದಿಯ ರಬ್ಬರಿಗೂ ಹೀಲಿನ ರಬ್ಬರಿಗೂ ಸೀಮೆಸುಣ್ಣ ತಿಕ್ಕಿ, ಕಟ್ಟೆ ಹಿಡಿದು ನಾಲ್ಕು ಹೆಜ್ಜೆ ನಡೆದು, ಕೂತು ಶೂ ಬಿಚ್ಚಿ, ನೆಲದ ಗುರುತುಗಳನ್ನು ನೋಡಿ. ನನ್ನ ಮೊದಲ ದಿನದ ಗುರುತುಗಳಲ್ಲಿ ಮುಂದಿನ ಅಚ್ಚು ದಟ್ಟವಾಗಿತ್ತು, ಹೀಲಿನ ಜಾಗದಲ್ಲಿ ಚುಕ್ಕೆಯ ಬದಲು ಬಾಲದಂತೆ ಒಂದು ಗೆರೆ ಎಳೆದುಕೊಂಡಿತ್ತು. ಅಂದರೆ ಭಾರ ಮುಂದಿತ್ತು, ಹೀಲನ್ನು ಎತ್ತದೆ ಎಳೆಯುತ್ತಿದ್ದೆ. ಮೂರು ವಾರದ ನಂತರ ದುಂಡಗಿನ, ಬಿಡಿ ಚುಕ್ಕೆಗಳು ಬಿದ್ದವು. ಬಲಗಾಲಿನ ಹೀಲಿನ ಚುಕ್ಕೆ ಮಾತ್ರ ಯಾವಾಗಲೂ ತುಸು ಹೊರಕ್ಕೆ ಬೀಳುತ್ತಿತ್ತು, ಅದೇ ಉಳುಕಿದ ಕಾಲು. ಎಲಾಸ್ಟಿಕ್ ಪಟ್ಟಿಯ ವ್ಯಾಯಾಮವನ್ನು ಆ ಕಾಲಿಗೆ ಇಮ್ಮಡಿ ಮಾಡಿದೆ.

ತಿರುಗುವಾಗ ಒಂದು ಕಾಲಿನ ಮೇಲೆ ಗಿರಕಿ ಹೊಡೆಯುವಂತಿಲ್ಲ. ಗಡಿಯಾರದ ಮುಳ್ಳಿನಂತೆ ಐದಾರು ಪುಟ್ಟ ಹೆಜ್ಜೆಗಳಲ್ಲಿ ಸುತ್ತಿ ಬನ್ನಿ. ಹಿಂದಕ್ಕೆ ನಡೆಯುವುದು ಕಲಿಯುವ ಅಗತ್ಯ ಬೀಳುವುದು ಕಡಿಮೆ. ಮೆಟ್ಟಿಲು ಬೇಡ.

ವಾರಕ್ಕೆ ಮೂರು ದಿನ ಅಭ್ಯಾಸ. ಮೊದಲ ವಾರ ದಿನಕ್ಕೆ ಒಟ್ಟು ಐದು ನಿಮಿಷ ನಡಿಗೆ, ಮುಂದೆ ವಾರಕ್ಕೆ ಐದು ನಿಮಿಷದಂತೆ ಏರಿಸಿ ಇಪ್ಪತ್ತಕ್ಕೆ ನಿಲ್ಲಿಸಿ. ನಾಳೆಯ ಪಾಲನ್ನು ಇಂದೇ ಮಾಡಿ ಮುಗಿಸುವ ಹುಮ್ಮಸ್ಸು ಬರುತ್ತದೆ. ದಣಿದ ಸ್ನಾಯು ಹರಡನ್ನು ಕಾಯುವುದಿಲ್ಲ, ಆದ್ದರಿಂದ ಮೀನಖಂಡ ನಡುಗಲು ಶುರುವಾದ ಕೂಡಲೇ ಅಂದಿನ ಪಾಠ ಮುಗಿಯಿತೆಂದು ತಿಳಿಯಬೇಕು.

ನೋವಿನ ಭಾಷೆ

ಮೀನಖಂಡದಲ್ಲಿ, ಕಮಾನಿನಲ್ಲಿ, ತೊಡೆಯಲ್ಲಿ ಮರುದಿನ ಬರುವ ಮೈನೋವು ಸ್ನಾಯುವಿನದು, ಎರಡು ದಿನದಲ್ಲಿ ಇಳಿಯುತ್ತದೆ. ಹೆಬ್ಬೆರಳಿನ ಬುಡದ ಕೀಲಿನಲ್ಲಿ ಚುಚ್ಚುವ ನೋವು, ಹಿಮ್ಮಡಿಯ ಹಿಂದೆ ಏನೋ ಸಿಕ್ಕಿಕೊಂಡಂಥ ನೋವು, ಪಾದದ ನಡುವೆ ಮೂಳೆಯ ಒಂದೇ ಜಾಗವನ್ನು ಒತ್ತಿದರೆ ಬರುವ ನೋವು ಸ್ನಾಯುವಿನದಲ್ಲ. ಕೊನೆಯದು ನರ್ತಕರ ಪಾದಗಳಲ್ಲಿ ಕಾಣಿಸುವ ಕೂದಲೆಳೆಯ ಬಿರುಕಿನ ಸೂಚನೆಯಾಗಿರಬಹುದು, ಅದರ ಮೇಲೆ ನಡೆದರೆ ಬಿರುಕು ಹಿಗ್ಗುತ್ತದೆ. ಬೆರಳು ಜೋಮು ಹಿಡಿದರೆ ತಕ್ಷಣ ಶೂ ಬಿಚ್ಚಬೇಕು. ಬಿಚ್ಚಿ ಹತ್ತು ನಿಮಿಷವಾದರೂ ಜೋಮು ಹೋಗದಿದ್ದರೆ ಆ ಜೋಡಿ ನಿಮ್ಮದಲ್ಲ.

ಕಾಲು ಉಳುಕಿದರೆ ಎಣ್ಣೆ ಹಚ್ಚಿ ತಿಕ್ಕುವ, ಉಳುಕು ತೆಗೆಸುವ ನಮ್ಮ ರೂಢಿಯನ್ನು ಮೊದಲ ಎರಡು ಮೂರು ದಿನ ಬದಿಗಿಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಕ್ರೇಪ್ ಬ್ಯಾಂಡೇಜು, ದಿಂಬಿನ ಮೇಲೆ ಎತ್ತಿಟ್ಟ ಕಾಲು, ವಿಶ್ರಾಂತಿ. ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಗುಬ್ಬಿಯ ಮೂಳೆಯನ್ನು ಒತ್ತಿದರೆ ತಡೆಯಲಾಗದ ನೋವಿದ್ದರೆ ಎಕ್ಸ್‌ರೇ ತೆಗೆಸಲೇಬೇಕು.

ರಂಗದ ಮೇಲೆ

ರಂಗಕ್ಕೆ ಶೂ ತೊಟ್ಟು ಹೋಗಬೇಡಿ, ಚೀಲದಲ್ಲಿ ಒಯ್ದು ಪಕ್ಕದ ಪರದೆಯ ಹಿಂದೆ ಕುರ್ಚಿ ಇಟ್ಟುಕೊಂಡು ಅಲ್ಲೇ ತೊಡಿ. ಅದಕ್ಕೂ ಮುಂಚೆ ಬರಿಗಾಲಿನಲ್ಲಿ ಇಡೀ ರಂಗದ ಮೇಲೆ ಓಡಾಡಿ, ಹಲಗೆಗಳ ಸಂದಿ, ಮೈಕಿನ ವೈರು, ಹಾಸಿನ ಮಡಿಕೆ ಎಲ್ಲಿವೆ ಎಂದು ಪಾದದಿಂದಲೇ ತಿಳಿದುಕೊಂಡು, ನಿಮ್ಮ ದಾರಿಯನ್ನು ಟೇಪಿನಿಂದ ಗುರುತು ಮಾಡಿಸಿ. ನೆಲ ನುಣುಪೆನಿಸಿದರೆ ಬ್ಯಾಲೆ ನರ್ತಕಿಯರು ಮಾಡುವಂತೆ ರಬ್ಬರಿಗೆ ರಾಳದ ಪುಡಿ ತಾಗಿಸಿಕೊಳ್ಳಬಹುದು. ಉಡುಪಿನೊಂದಿಗೆ ಕನಿಷ್ಠ ಮೂರು ಸಲ ಪೂರ್ಣ ತಾಲೀಮು ಆಗಿರಬೇಕು.

ನಮ್ಮ ಪ್ರಯೋಗದಲ್ಲಿ ನಾನು ಇಳಕಲ್ಲ ಸೀರೆ ಉಟ್ಟಿದ್ದೆ. ಈ ಶೂ ತೊಟ್ಟರೆ ಸೊಂಟ ಸುಮಾರು ಅರ್ಧ ಅಡಿ ಮೇಲೇರುವುದರಿಂದ ಬರಿಗಾಲಿನಲ್ಲಿ ಉಟ್ಟ ಸೀರೆಯ ಅಳತೆಯೆಲ್ಲ ತಪ್ಪುತ್ತದೆ. ಸೀರೆಯ ಅಗಲ ಎಷ್ಟಿದೆಯೋ ಅಷ್ಟೇ, ಅಂಚು ಹರಡಿನ ಮೇಲೆಯೇ ನಿಲ್ಲುತ್ತದೆ. ಅದನ್ನು ಕೆಳಗಿಳಿಸಲು ಹೋಗದೆ ಹಾಗೆಯೇ ಬಿಡುವುದು ಕ್ಷೇಮ, ನೋಡುವವರಿಗೆ ಪಾದದ ಕೆಲಸವೂ ಕಾಣುತ್ತದೆ. ಆದರೆ ನಿರಿಗೆಗಳನ್ನು ಮೊಣಕಾಲಿನ ಮಟ್ಟದಲ್ಲಿ ಒಳಗಿನಿಂದ ಪಿನ್ ಮಾಡಿ, ಹೀಲ್ ಸಿಕ್ಕಿಕೊಳ್ಳದಂತೆ ಹಿಂಭಾಗದ ಅಂಚನ್ನು ಇನ್ನೂ ಎರಡು ಬೆರಳು ಮೇಲೆತ್ತಿ. ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿದರೆ ತೂಕ ಹಿಡಿಯಲು ಎರಡೂ ಕೈಗಳು ಖಾಲಿ ಇರುತ್ತವೆ.

ಮುಗಿದ ಮೇಲೆ ಶೂ ಬಿಚ್ಚಿದ ಕೂಡಲೇ ನಡೆಯಬೇಡಿ. ಮೀನಖಂಡ ಕುಗ್ಗಿರುತ್ತದೆ, ಗಕ್ಕನೆ ಹಿಮ್ಮಡಿ ಊರಿದರೆ ಸೆಳೆತ ಬರುತ್ತದೆ. ಎರಡು ನಿಮಿಷ ಕೂತು ಪಾದವನ್ನು ಸುತ್ತಿಸಿ, ಗೋಡೆ ಹಿಡಿದು ಮೀನಖಂಡ ಚಾಚಿ, ಆಮೇಲೆ ಚಪ್ಪಲಿ ಮೆಟ್ಟಿ. ಗುಳ್ಳೆ ಎದ್ದಿದ್ದರೆ ಒಡೆಯದೆ ಟೇಪು ಹಚ್ಚಿ ಬಿಡಿ. ಬೂಟಿನೊಳಗೆ ಹಳೆಯ ಪತ್ರಿಕೆಯ ಕಾಗದ ತುಂಬಿ ಫ್ಯಾನಿನ ಗಾಳಿಗೆ ಒಣಗಿಸಿ, ಪೆಟ್ಟಿಗೆಗೆ ಹಾಕುವ ಮೊದಲು ಹೀಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ರಬ್ಬರ್ ಸವೆದು ಮೊಳೆಯ ಹೊಳಪು ಕಂಡರೆ, ಮುಂದಿನ ಅಭ್ಯಾಸಕ್ಕೆ ಮುಂಚೆ ಅದನ್ನು ಕಾಕಾನ ಬಳಿಗೆ ಒಯ್ಯಬೇಕು, ಎರಡೂ ಕಾಲಿನದನ್ನು ಒಟ್ಟಿಗೆ.